ಶಟರ್ ತಗದಾಗ ಬರ್ರಿ

ನನ್ನ ಫೋನಿನ ಒಂದು ಚಾಳಿ ನನಗೆ ಸಹಿಸಲಾಗದು. ಒಳಗೆ ಜಾಗ ತುಂಬಿತೆಂದರೆ ಯಾವ ಚಿತ್ರಗಳನ್ನು ಅಳಿಸಬಹುದೆಂದು ತಾನೇ ಆರಿಸಿ, ಸಾಲಾಗಿ ಜೋಡಿಸಿ ಮುಂದಿಡುತ್ತದೆ. ಮೊನ್ನೆಯೂ ಹಾಗೇ ಮಾಡಿತು. ತಂಗಿಯ ಮಗನ ಜವಳ, ಗೆಳೆಯನ ಮನೆಯ ವಾಸ್ತುಶಾಂತಿ, ಹೋಳಿಗೆ ಬಡಿಸಿದ ತಾಟು, ಇವುಗಳ ತಂಟೆಗೆ ಹೋಗಲಿಲ್ಲ. ಆರಿಸಿದ್ದು ತುಕ್ಕು ಹಿಡಿದ ಒಂದು ಶಟರು, ಅದರ ಪಕ್ಕದ ಶಟರು, ಅದರಾಚೆಯದು, ಅರ್ಧ ಉಳಿದ ಗೋಡೆ, ಎಲ್ಲಿಗೂ ಏರದೆ ನಿಂತ ಮೆಟ್ಟಿಲು. ಒಂದೇ ತರಹದ ಚಿತ್ರಗಳು ಬಹಳ ಇವೆ, ತೆಗೆದುಹಾಕಲೇ ಎಂದು ಕೇಳಿತು.

ಒಂದೇ ತರಹದವೆ? ಮೊದಲನೆಯದು ಸೈಕಲ್ ಪಂಕ್ಚರ್ ಅಂಗಡಿ. ಎರಡನೆಯದರಲ್ಲಿ ಟೇಲರ್ ಕೂಡುತ್ತಿದ್ದರು, ಪಂಚಮಿ ಬಂತೆಂದರೆ ಕುಬಸ ಹೊಲಿಸುವ ಹೆಣ್ಣುಮಕ್ಕಳು ಆ ಕಟ್ಟೆ ಇಳಿಯುತ್ತಿರಲಿಲ್ಲ. ಮೂರನೆಯದು ಕ್ಯಾಸೆಟ್ ಅಂಗಡಿಯಾಗಿತ್ತು, ಆಮೇಲೆ ಸಿ.ಡಿ. ಅಂಗಡಿ, ಆಮೇಲೆ ಮೊಬೈಲ್ ರೀಚಾರ್ಜ್, ಆಮೇಲೆ ಬೀಗ. ಶಟರಿನ ಕೆಳತುದಿಯಲ್ಲಿ ಬಣ್ಣ ಸವೆದ ಜಾಗ ನೋಡಿದರೆ ಸಾಕು, ದಿನಾ ಅದನ್ನು ಎತ್ತುತ್ತಿದ್ದವರು ಎಡಗೈಯವರೋ ಬಲಗೈಯವರೋ ನಾನು ಹೇಳಬಲ್ಲೆ. ಫೋನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?

ಆ ಶಟರುಗಳ ಕಟ್ಟಡ ಇದ್ದ ಊರಿನ ಹೆಸರು ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಓಡಾಡಿದವರಿಗೆ ಅಂಥದರ ಗುರುತು ಇದ್ದೇ ಇದೆ. ಬಸ್‌ಸ್ಟ್ಯಾಂಡಿಗೆ ಹತ್ತಿರ, ಎರಡಂತಸ್ತು, ಕೆಳಗೆ ರಸ್ತೆಗೆ ಮುಖ ಮಾಡಿದ ಶಟರುಗಳ ಸಾಲು, ನಡುವೆ ಕತ್ತಲೆಯ ಒಂದು ಮೆಟ್ಟಿಲು, ಮೇಲೆ ಉದ್ದನೆಯ ಪಡಸಾಲೆ. ದೊಡ್ಡ ಪಟ್ಟಣದವರು ಮಾಲ್ ಎಂದು ಕರೆಯುವುದರ ಮುಂದೆ ಇದು ಚಿಕ್ಕದು. ಆದರೆ ಒಂದೇ ಸೂರಿನಡಿ ಬಳೆ, ಬಟ್ಟೆ, ಬೀಜ, ಔಷಧಿ, ಫೋಟೋ ಸ್ಟುಡಿಯೋ ಎಲ್ಲ ಸಿಗುವ ಜಾಗ ನಮಗೆ ಅದೊಂದೇ ಇತ್ತು. 1979–80ರಲ್ಲಿ ಕೇಂದ್ರ ಸರಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿಗೆಂದು ಒಂದು ಯೋಜನೆ ಶುರು ಮಾಡಿತು. ಪುರಸಭೆಗಳು ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬೇಕು, ಆ ಬಾಡಿಗೆಯಿಂದ ಊರಿನ ಗಟಾರು, ದೀಪ ನಡೆಯಬೇಕು ಎಂಬುದೂ ಅದರ ಲೆಕ್ಕದಲ್ಲಿತ್ತು. ಅದರ ಇಂಗ್ಲಿಷ್ ಮೊದಲಕ್ಷರ ಹಿಡಿದು ಜನ ಇಂದಿಗೂ ಇಂಥವನ್ನು ‘ಐಡಿಎಸ್‌ಎಂಟಿ ಮಳಿಗಿ’ ಎಂದೇ ಕರೆಯುತ್ತಾರೆ. ಹಾಗೆ ಕರೆಸಿಕೊಂಡವೆಲ್ಲ ಆ ಯೋಜನೆಯ ದುಡ್ಡಿನವೇ ಎಂದು ಹೇಳಲಾಗದು, ಹೆಸರು ಮಾತ್ರ ನಿಂತಿದೆ.

ಕೆಳಗಿನ ಮಳಿಗೆಗಳಿಗೆ ಲಿಲಾವಿನಲ್ಲಿ ಪೈಪೋಟಿ. ಮೇಲಿನವು ತುಂಬಲೇ ಇಲ್ಲ. ನಮ್ಮ ಕಡೆಯ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಸಂತೆಯ ಚೀಲ, ಸೊಂಟದಲ್ಲಿ ಕೂಸು ಇಟ್ಟುಕೊಂಡು ಹತ್ತುವುದಾದರೂ ಹೇಗೆ? ಹಾಗಾಗಿ ಮೇಲೆ ಬಂದವರು ಗಿರಾಕಿಯ ಹಾದಿ ಕಾಯಬೇಕಿಲ್ಲದವರು. ಟೈಪಿಂಗ್ ಕ್ಲಾಸು, ವಕೀಲರ ಕಚೇರಿ, ವಿಮೆಯ ಏಜೆಂಟರು, ಹತ್ತನೆಯ ಇಯತ್ತೆಯವರಿಗೆ ಗಣಿತ ಹೇಳುವ ಮಾಸ್ತರು. ಟೈಪಿಂಗ್ ಕ್ಲಾಸಿನ ಸದ್ದು ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ನಾನೂ ಅಲ್ಲೇ ಕಲಿತದ್ದು. ಏಪ್ರಿಲಿನಲ್ಲಿ ಮಾಳಿಗೆ ಕಾದು ಮಷಿನ್ನಿನ ಕೀಲಿಗಳೂ ಬೆಚ್ಚಗಾಗುತ್ತಿದ್ದವು. ಬೆರಳು ಕೀಲಿಗೆ ಹೋದಾಗಲೆಲ್ಲ ಕೆಳಗಿನ ಭಟ್ಟಿಯಿಂದ ಮಿರ್ಚಿ ಭಜಿಯ ವಾಸನೆ ಏರಿ ಬಂದು ಕಾಗದದ ಮೇಲೆ ತಪ್ಪು ಅಕ್ಷರ ಬೀಳುತ್ತಿತ್ತು.

ಕಟ್ಟಡದ ಮುಪ್ಪು ಮೇಲಿನಿಂದ ಶುರುವಾಯಿತು. ಕಂಪ್ಯೂಟರ್ ಬಂದು ಟೈಪಿಂಗ್ ಕ್ಲಾಸು ಹೋಯಿತು, ವಕೀಲರು ಕೋರ್ಟಿನ ಹತ್ತಿರ ಮನೆ ಕಟ್ಟಿಸಿದರು, ಮಾಸ್ತರು ನಿವೃತ್ತರಾದರು. ಮಾಳಿಗೆಯ ಮೇಲೆ ನೀರು ನಿಂತು ಸೋರತೊಡಗಿತು. ಸೋರಿದ ನೀರು ಒಳಗಿನ ಕಬ್ಬಿಣದ ಸರಳಿಗೆ ಮುಟ್ಟಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಒಂದು ಮಳೆಗಾಲಕ್ಕೆ ಚಪ್ಪಡಿಯಡಿ ಕೂದಲೆಳೆಯಷ್ಟು ಬಿರುಕು, ಮುಂದಿನದಕ್ಕೆ ಕೆಂಪು ಕಲೆ, ಅದರ ಮುಂದಿನದಕ್ಕೆ ತಾಟಿನಷ್ಟು ಸಿಮೆಂಟು ಕಳಚಿ ಬಿದ್ದು ಒಳಗಿನ ಎಲುಬು ಕಾಣುತ್ತದೆ. ಪಾರಾಪೆಟ್ಟಿನ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿಬೀಜ ಮೊಳೆತು, ಗೋಡೆಗುಂಟ ಬೇರು ಇಳಿಬಿಟ್ಟಿತು. ಬಸ್ಸಿಗೆ ಕಾಯುವಾಗೆಲ್ಲ ನಾನು ಆ ಅರಳಿಯ ಚಿತ್ರ ತೆಗೆಯುತ್ತಿದ್ದೆ. ಅದು ಬೆಳೆಯುವುದು ನೋಡಲು ಚೆಂದವಿತ್ತು, ಅದು ಮಾಡುತ್ತಿದ್ದ ಕೆಲಸ ಚೆಂದವಿರಲಿಲ್ಲ.

ಅಮೆರಿಕದಲ್ಲಿ ಹಾಳುಬಿದ್ದ ಮಾಲ್‌ಗಳ ಚಿತ್ರ ತೆಗೆಯುವವರದ್ದೇ ಒಂದು ಬಳಗವಿದೆ. ಇಲಿನಾಯ್ ರಾಜ್ಯದ ಹಾರ್ವಿ ಎಂಬ ಊರಿನ ಡಿಕ್ಸಿ ಸ್ಕ್ವೇರ್ ಮಾಲ್ 1966ರಲ್ಲಿ ತೆರೆದು 1978ರಲ್ಲೇ ಮುಚ್ಚಿತು. ಮರುವರ್ಷ ಸಿನಿಮಾದವರು ಬಂದು, ಖಾಲಿ ಅಂಗಡಿಗಳಲ್ಲಿ ಮತ್ತೆ ಸರಕು ತುಂಬಿ, ಒಳಗೇ ಕಾರು ಓಡಿಸಿ ಗಾಜು ಒಡೆದು ‘ದಿ ಬ್ಲೂಸ್ ಬ್ರದರ್ಸ್’ ಚಿತ್ರದ ದೃಶ್ಯ ತೆಗೆದುಕೊಂಡು ಹೋದರು. ಅದಾದ ಮೇಲೆ 30 ವರ್ಷಕ್ಕೂ ಹೆಚ್ಚು ಕಾಲ ಆ ಕಟ್ಟಡ ಹಾಗೇ ನಿಂತು, 2012ರಲ್ಲಿ ನೆಲಸಮವಾಯಿತು. ಓಹಾಯೊ ರಾಜ್ಯದ ಆಕ್ರನ್‌ನಲ್ಲಿದ್ದ ರೋಲಿಂಗ್ ಏಕರ್ಸ್ ಮಾಲಿನ ಚಿತ್ರವೊಂದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಒಡೆದ ಗಾಜಿನ ಮಾಡಿನಿಂದ ಹಿಮ ಒಳಗೆ ಸುರಿದು, ಓಡಾಡುವ ಹಾದಿಯ ಮೇಲೆಲ್ಲ ಬೆಳ್ಳಗೆ ಹಾಸಿದೆ, ಒಂದು ಹೆಜ್ಜೆಯ ಗುರುತಿಲ್ಲ. 1975ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿದ ಆ ಮಾಲನ್ನು ಕೆಡವಿದ ಜಾಗದಲ್ಲಿ ಈಗ ಅಮೆಜಾನ್ ಕಂಪನಿಯ ಗೋದಾಮು ಇದೆ. ಅದೇ ರಾಜ್ಯದ ಇನ್ನೊಂದು ದೊಡ್ಡ ಮಾಲ್, ರ‍್ಯಾಂಡಲ್ ಪಾರ್ಕ್, ಅದಕ್ಕೂ ಇದೇ ಗತಿ, ಅಲ್ಲೂ ಅದೇ ಕಂಪನಿಯ ಗೋದಾಮು. ನಮ್ಮ ಮಳಿಗೆಯ ಮುಂದಿನ ಕಟ್ಟೆಯ ಮೇಲೆ ಪಾರ್ಸಲ್ಲಿನ ಹುಡುಗ ಚೀಲ ಇಳಿಸಿ, ನೀರು ಕುಡಿದು, ವಿಳಾಸ ಕೇಳುತ್ತಿದ್ದದ್ದು ನೆನಪಾಗುತ್ತದೆ. ಹಿಂದಿದ್ದ ಶಟರು ಮುಚ್ಚಿತ್ತು. ಅವನ ಚೀಲದಲ್ಲಿ ಆ ಅಂಗಡಿಯ ಸರಕೇ ಇತ್ತು. ಪಾಪ, ಅವನೂ ಹೊಟ್ಟೆಪಾಡಿಗೆ ಬಿಸಿಲಲ್ಲಿ ತಿರುಗುವವನೇ.

ಆ ಹಿಮದ ಚಿತ್ರದ ಚೆಲುವು ನನ್ನನ್ನು ಕಾಡುತ್ತದೆ, ಆದರೆ ಅದರಲ್ಲಿ ಒಬ್ಬರೂ ಇಲ್ಲವೆಂಬುದು ಇನ್ನೂ ಹೆಚ್ಚು ಕಾಡುತ್ತದೆ. ಅಲ್ಲಿ ಕೂತು ವ್ಯಾಪಾರ ಮಾಡಿದವರು ಯಾರು, ಬೀಗ ಹಾಕಿದ ಸಂಜೆ ಏನು ಮಾಡಿದರು? ಹಾಳಿನ ಚಿತ್ರ ಇದನ್ನು ಹೇಳುವುದಿಲ್ಲ.

ಹಾಳು ನೋಡುತ್ತಲೇ ಬೆಳೆದವರು ನಾವು. ಕಿತ್ತೂರಿನ ಕೋಟೆ ನಮಗೆ ಶಾಲೆಯ ಪ್ರವಾಸ, ಅಕ್ಟೋಬರಿನ ಉತ್ಸವ, ನೆಂಟರು ಬಂದರೆ ಕರೆದೊಯ್ಯುವ ಜಾಗ. ಎದೆಮಟ್ಟಕ್ಕೆ, ಎಲ್ಲೋ ಒಂದೆಡೆ ಆಳೆತ್ತರಕ್ಕೆ ನಿಂತ ದಪ್ಪ ಗೋಡೆಗಳ ನಡುವೆ ಓಡಾಡುತ್ತ, ಇದು ದರ್ಬಾರು, ಇದು ಅಡುಗೆಮನೆ, ಇಲ್ಲಿಂದ ಧ್ರುವ ನಕ್ಷತ್ರ ನೋಡುತ್ತಿದ್ದರು ಎಂದು ಮಕ್ಕಳಿಗೆ ತೋರಿಸುತ್ತೇವೆ. ಅದೇ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಕೆತ್ತನೆಯ ಮರದ ಬಾಗಿಲುಗಳಿವೆ. ಆ ಬಾಗಿಲ ಮುಂದೆ ನಿಂತು, ಇದು ಯಾವ ಗೋಡೆಗೆ ಹೊಂದುತ್ತಿತ್ತು ಎಂದು ಕಣ್ಣಲ್ಲೇ ಕೂಡಿಸಲು ನಾನು ಚಿಕ್ಕವನಿದ್ದಾಗಿನಿಂದ ನೋಡುತ್ತಿದ್ದೇನೆ. ಕೂಡುವುದಿಲ್ಲ. 1824ರ ಅಕ್ಟೋಬರ್ 23ರಂದು ಕಂಪನಿಯ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದ, ಡಿಸೆಂಬರಿನಲ್ಲಿ ಕೋಟೆ ಕಂಪನಿ ಸರಕಾರದ ಕೈಗೆ ಹೋಯಿತು, 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡಳು. ಫೋಟೋಗ್ರಫಿಯ ವಿದ್ಯೆ ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ನಡುವೆ ಹತ್ತೇ ವರ್ಷ. ಆ ಹತ್ತು ವರ್ಷದ ಅಂತರದಿಂದ ನಮಗೆ ರಾಣಿಯ ಮುಖವಿಲ್ಲ, ಅರಮನೆಯ ಮಾಡು ಹೇಗಿತ್ತೆಂಬುದಿಲ್ಲ. ಮುಂದೆ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ ಫೋಟೋಗಳ ದೊಡ್ಡ ಪುಸ್ತಕವೇ ಬಂತು. ಬಿಗ್ಸ್, ಪಿಗೌ, ನೀಲ್ ಎಂಬ ಸಾಹೇಬರು ನಮ್ಮ ಸೀಮೆಯ ಗುಡಿಗಳ ಮುಂದೆ ಭಾರದ ಕ್ಯಾಮೆರಾ ಹೂಡಿ ತೆಗೆದ ಚಿತ್ರಗಳು ಅವು. ಅವರು ಕಲ್ಲನ್ನು ಪ್ರೀತಿಯಿಂದ ನೋಡಿದರು, ಅದಕ್ಕೆ ನಾನು ಋಣಿ. ಅರಳೆ ಅಂಡಿಗೆಗಳ ನಡುವೆ ಕೂತ ದಲಾಲನ ಚಿತ್ರವೊಂದು ಅದೇ ಕಾಲದ್ದು ಸಿಕ್ಕಿದ್ದರೆ ಬೈಲಹೊಂಗಲದವನಾದ ನಾನು ಅದನ್ನು ದೇವರ ಜಗಲಿಯಲ್ಲಿಡುತ್ತಿದ್ದೆ.

ಮಳಿಗೆ ಕೆಡವಿದ್ದು ಒಂದು ಬೇಸಗೆಯಲ್ಲಿ. ಇಟಾಚಿ ಬಂತು. ಅದರ ಉದ್ದನೆಯ ಕೈ ಮೊದಲು ಅರಳಿಗಿಡದ ಪಾರಾಪೆಟ್ಟನ್ನೇ ಹಿಡಿಯಿತು. ಮುಂಭಾಗ ಬಿದ್ದ ಮೇಲೆ, ಧೂಳು ಇಳಿದಾಗ, ಎರಡಂತಸ್ತಿನ ಅಂಗಡಿಗಳ ಒಳಗೋಡೆಗಳೆಲ್ಲ ಒಮ್ಮೆಲೇ ಬಯಲಾದವು. ಆಹಾ, ಎಂಥ ಬಣ್ಣಗಳು! ಒಂದೊಂದು ಮಳಿಗೆಗೆ ಒಂದೊಂದು ಬಣ್ಣ, ಬಿಚ್ಚಿ ಹರವಿದ ಕೌದಿಯ ಹಾಗೆ. ಬಟ್ಟೆ ಅಂಗಡಿಯ ತಿಳಿಹಸಿರು, ಬಳೆಗಾರರ ಗುಲಾಬಿ, ಅದರ ಮೇಲೆ ಬಳೆಯ ಸರ ತೂಗುಹಾಕುತ್ತಿದ್ದ ಮೊಳೆಗಳ ಸಾಲು. ಔಷಧಿ ಅಂಗಡಿಯ ಗೋಡೆಯಲ್ಲಿ ಕಪಾಟು ಕಿತ್ತ ಅಡ್ಡಗೆರೆಗಳು. ಪ್ರತಿ ಮಳಿಗೆಯ ಪೂರ್ವದ ಗೋಡೆಗೆ ದೇವರ ಫೋಟೋ ತೂಗಿದ್ದ ಚೌಕ ಮಾತ್ರ ಬಣ್ಣಗೆಡದೆ ಉಳಿದಿತ್ತು, ಕೆಳಗೆ ಊದಿನಕಡ್ಡಿಯ ಹೊಗೆ, ಪಾಡ್ಯದ ದಿನ ಕಿರ್ದಿ ಪೂಜೆಯಲ್ಲಿ ಒತ್ತಿದ ಕುಂಕುಮದ ಬೆರಳುಗಳು. ಕಿರಾಣಿ ಅಂಗಡಿಯ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂದು ಬರೆದದ್ದು ಪೂರ್ತಿ ಉಳಿದಿತ್ತು. ಅದರ ಪಕ್ಕದಲ್ಲೇ ಸೀಸಕಡ್ಡಿಯಲ್ಲಿ ಬರೆದ ಉದ್ರಿಯ ಲೆಕ್ಕಗಳೂ ಉಳಿದಿದ್ದವು, ಯಾರ ಹೆಸರಿಗೂ ತೊಂದರೆಯಾಗದಂತೆ ಬರೀ ಮೊದಲಕ್ಷರ ಹಾಕಿ.

ಚಿತ್ರ ತೆಗೆಯುತ್ತಿದ್ದ ನನ್ನ ಸುತ್ತ ಜನ ಕೂಡಿದರು. “ಯಾಕ್ರೀ ಸರ, ಮಣ್ಣ ಬೀಳೂದು ಏನ್ ಫೋಟೋ ಹೊಡೀತೀರಿ?” ಎಂದು ಒಬ್ಬ ಹುಡುಗ ಕೇಳಿದ. ಅವನಿಗೆ ನಾನು ಉತ್ತರ ಹೇಳುವ ಮೊದಲೇ ಹಿಂದಿನಿಂದ ವಯಸ್ಸಾದವರೊಬ್ಬರು, “ತಮ್ಮಾ, ನಮ್ಮ ಅಂಗಡಿ ಬಂದೈತೇನ ನೋಡು ಅದ್ರಾಗ” ಎಂದರು. ಟೇಲರ್ ಕಾಕಾ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೊಡ್ಡದು ಮಾಡಿಸಿ ನೋಡಿದರು. “ಇದ ನೋಡು. ಈ ಮೊಳಿ ನಾನ ಹೊಡದಿದ್ದೆ. ಕತ್ತರಿ ಹಾಕಾಕ.” ಅಷ್ಟೊಂದು ಗೋಡೆಯಲ್ಲಿ ಅವರ ಕಣ್ಣು ಆ ಒಂದು ಮೊಳೆಗೆ ಹೋಯಿತು. ಬಳೆಗಾರರ ಮನೆಯ ಅಕ್ಕ ಬಂದು ತಮ್ಮ ಗುಲಾಬಿ ಗೋಡೆ ಕಂಡದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಬಣ್ಣ ಆರಿಸಿದ್ದು ಅವರಂತೆ, ಮದುವೆಯಾಗಿ ಬಂದ ಹೊಸದರಲ್ಲಿ.

ಕೆಡವುವುದು ತಪ್ಪೆಂದು ನಾನು ಹೇಳಲಾರೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನನಗೆ ಆ ಪಾಠ ಕಲಿಸಿದೆ. ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಆ ಅಂಗಡಿ ಸಾಲು, ಅದರ ಹಳೇ ಪುಸ್ತಕದ ಮಳಿಗೆಗಳು ಓದುಗರಿಗೆಲ್ಲ ಗೊತ್ತು. 120 ವರ್ಷ ನಿಂತದ್ದು 2012ರ ಆಗಸ್ಟ್ 25ರಂದು ಒಂದು ಭಾಗ ಕುಸಿದು ನಾಲ್ವರ ಜೀವ ತೆಗೆಯಿತು. ವ್ಯಾಪಾರಿಗಳನ್ನು ತೆರವು ಮಾಡಿಸಿದರು. ನಾಲ್ಕು ವರ್ಷಕ್ಕೆ, ಅದೇ ಆಗಸ್ಟ್ ತಿಂಗಳಲ್ಲಿ, ಹತ್ತಿರದ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲೂ ಕುಸಿಯಿತು. ದುರಸ್ತಿ ಮಾಡಬೇಕೋ, ಕೆಡವಿ ಹೊಸದು ಕಟ್ಟಬೇಕೋ ಎಂಬ ವಾದ ಕೋರ್ಟಿನ ಮೆಟ್ಟಿಲು ಹತ್ತಿತು. ಮೈಸೂರಿಗೆ ಹೋದಾಗ ಆ ಖಾಲಿ ಕಮಾನುಗಳ ಮುಂದೆ ನಿಂತು ಕ್ಯಾಮೆರಾ ತೆಗೆದರೆ ಕೈ ತಡೆಯುತ್ತದೆ. ನಾಲ್ವರು ಹೋದ ಜಾಗ ಅದು. ಅಲ್ಲಿ ಬೆಳಕು ಚೆನ್ನಾಗಿದೆ, ನೆರಳು ಚೆನ್ನಾಗಿದೆ ಎಂದು ಚಿತ್ರ ತೆಗೆಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಸೋರುವ ಕಟ್ಟಡ ಬೀಳುವ ಮೊದಲು ಕೆಡವುವುದೇ ಮೇಲು.

ಆದರೆ ಕೆಡವುವ ಮೊದಲು ಒಂದು ಕೆಲಸ ಆಗಬೇಕೆಂಬುದು ನನ್ನ ಆಸೆ. ಗ್ಲಾಸ್ಗೋ ಪಟ್ಟಣದಲ್ಲಿ ಹಳೆಯ ಇಕ್ಕಟ್ಟಿನ ಓಣಿಗಳನ್ನು ಒಡೆಯುವ ಮುನ್ನ ಅಲ್ಲಿನ ಸುಧಾರಣಾ ಮಂಡಳಿ ಥಾಮಸ್ ಆನನ್ ಎಂಬಾತನನ್ನು ಕರೆದು ಚಿತ್ರ ತೆಗೆಸಿತು, 1868ರಿಂದ 1871ರವರೆಗೆ. ಪ್ಯಾರಿಸಿನಲ್ಲೂ ಅದೇ ದಶಕದಲ್ಲಿ ಷಾರ್ಲ್ ಮಾರ್ವಿಲ್ ನಗರದ ಪರವಾಗಿ ಅಳಿಯಲಿದ್ದ ಬೀದಿಗಳನ್ನು ಒಂದೊಂದಾಗಿ ತೆಗೆದ. ಆನನ್‌ನ ಓಣಿಯ ಬಾಯಲ್ಲಿ ಮಕ್ಕಳು, ಹೆಂಗಸರು ನಿಂತಿದ್ದಾರೆ. ಆಗಿನ ಕ್ಯಾಮೆರಾಕ್ಕೆ ಬಹಳ ಹೊತ್ತು ಬೇಕಿದ್ದರಿಂದ ಅಲುಗಾಡಿದವರ ಮುಖ ಅಳಿಸಿದೆ, ಅಲುಗದೆ ನಿಂತವರು ಉಳಿದಿದ್ದಾರೆ. ನಮ್ಮ ಪುರಸಭೆಗಳು ಲಿಲಾವು, ತೆರವು, ಟೆಂಡರು ಎಂದು ಇಷ್ಟು ಕಾಗದ ಮಾಡುತ್ತವೆ. ಅದರ ಜೊತೆಗೆ ಪ್ರತಿ ಮಳಿಗೆಯ ಮುಂದೆ ಅದರವರನ್ನು ನಿಲ್ಲಿಸಿ ಒಂದು ಫೋಟೋ ತೆಗೆಸಿ ಫೈಲಿಗೆ ಹಾಕುವುದು ಎಷ್ಟರ ಖರ್ಚು?

ಅಂಗಡಿಯಲ್ಲಿ ನಿಜವಾಗಿ ನಡೆಯುವುದನ್ನು ಚಿತ್ರ ಹಿಡಿಯಲಾರದೆಂಬುದೂ ನನಗೆ ಗೊತ್ತು. ನಮ್ಮ ಕಡೆಯ ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ನೋಡಿದವರಿಗೆ ನೆನಪಿರಬೇಕು. ಮಾರುವವರು, ಕೊಳ್ಳುವವರು ಪರಸ್ಪರ ಕೈ ಹಿಡಿಯುತ್ತಾರೆ, ಮೇಲೊಂದು ಟವೆಲ್ಲು ಮುಚ್ಚುತ್ತಾರೆ. ಒಳಗೆ ಬೆರಳು ಹಿಚುಕಿ ದರ ಹೇಳುವುದು, ಬೆರಳು ಬಿಡಿಸಿ ಒಲ್ಲೆನೆನ್ನುವುದು. ಸುತ್ತ ಹತ್ತು ಜನ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ನನ್ನ ಹತ್ತಿರ ಅಂಥದೊಂದು ಚಿತ್ರವಿದೆ. ಇಬ್ಬರು ರೈತರು, ಇಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತಿದ್ದಾರೆ, ನಡುವೆ ಒಂದು ಟವೆಲ್ಲು. ಎತ್ತು ಕ್ಯಾಮೆರಾ ನೋಡುತ್ತಿದೆ. ಎಷ್ಟಕ್ಕೆ ಹರಿಯಿತೋ ನಾನು ಕೇಳಲಿಲ್ಲ, ಕೇಳುವುದು ಸಭ್ಯತೆಯೂ ಅಲ್ಲ. ಆದರೂ ಆ ಚಿತ್ರ ನೋಡಿದರೆ ಸಂತೆಯ ಜೀವ ಎಲ್ಲಿತ್ತೆಂಬುದು ತಿಳಿಯುತ್ತದೆ. ಹಾಳುಗೋಡೆಯ ನೂರು ಚಿತ್ರಗಳಿಗೆ ಅದು ಸಾಧ್ಯವಿಲ್ಲ.

ಪೇಟೆಯ ಜೀವ ಇರುವುದು ಜನರಲ್ಲಿ ಎಂಬುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ತಗಡು, ತಾಡಪತ್ರಿ, ಬಿದಿರಿನ ಒಂದು ಪೇಟೆಯೇ ಎದ್ದು ನಿಲ್ಲುತ್ತದೆ. ಭಂಡಾರದ ಹಳದಿ ಗುಡ್ಡೆಗಳು, ಬಳೆ, ಕುಂಕುಮ, ಕಾಯಿ, ಕರ್ಪೂರ, ಚುನಮರಿ, ಮಕ್ಕಳ ಪೀಪಿ. ಪಡ್ಡಲಗಿ ತುಂಬಿಸುವವರು, ಚಕ್ಕಡಿ ಬಿಟ್ಟು ಒಲೆ ಹೂಡಿದವರು, ‘ಉಧೋ ಉಧೋ’ ಎನ್ನುವ ದನಿ, ಚೌಡಕಿಯ ನಾದ. ಹುಣ್ಣಿಮೆ ಮುಗಿದ ಮೇಲೆ ಅದೇ ಪೇಟೆಯ ಬಹುಭಾಗವನ್ನು ಅವರೇ ಬಿಚ್ಚಿ ಟೆಂಪೋಕ್ಕೆ ಹೇರುತ್ತಾರೆ. ಬಿಚ್ಚುವಾಗಲೂ ನಾನು ಚಿತ್ರ ತೆಗೆದಿದ್ದೇನೆ. ಯಾರ ಮುಖದಲ್ಲೂ ದುಃಖವಿಲ್ಲ. ಹಗ್ಗ ಸುತ್ತುತ್ತ ನಗುತ್ತಿದ್ದಾರೆ. ಮುಂದಿನ ಹುಣ್ಣಿಮೆಗೆ ಅದೇ ಗೂಟ, ಅದೇ ಜಾಗ, ಅದೇ ಪಕ್ಕದವರು ಎಂಬ ಭರವಸೆ ಅವರಿಗಿದೆ. ಟೇಲರ್ ಕಾಕಾಗೆ ಆ ಭರವಸೆ ಇರಲಿಲ್ಲ. ಹೊಸ ಕಟ್ಟಡ ಎದ್ದರೂ ಹೊಸ ಲಿಲಾವು, ಹೊಸ ಠೇವಣಿ, ಪಕ್ಕದಲ್ಲಿ ಯಾರೋ.

ರಾಮದುರ್ಗದಲ್ಲಿ 2019ರ ಆಗಸ್ಟಿನಲ್ಲಿ ಇಟಾಚಿಯೂ ಬೇಕಾಗಲಿಲ್ಲ. ಮಲಪ್ರಭೆ ತಾನೇ ಬಂದಳು. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ನದಿಯ ಕೆಳಗಿನ ಊರುಗಳಿಗೆಲ್ಲ ನೀರು ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗದ ಕುಣಿ ತುಂಬಿತು, ಅಂಗಡಿಗಳಲ್ಲಿ ಸೀರೆಯ ಗಂಟುಗಳನ್ನು ಎತ್ತರದ ಕಪಾಟಿಗೆ ಏರಿಸಿದರು. ನೀರಿಳಿದ ಮೇಲೆ ಹೋಗಿದ್ದೆ. ಪ್ರತಿ ಗೋಡೆಗೂ ಒಂದೇ ಎತ್ತರದಲ್ಲಿ ಕೆಸರಿನ ಗೆರೆ. ಆ ಗೆರೆಯ ಕೆಳಗಿನದೆಲ್ಲ ರಸ್ತೆಗೆ ಬಂದಿತ್ತು: ಗಲ್ಲಾಪೆಟ್ಟಿಗೆ, ಗಾದಿ, ತಕ್ಕಡಿ, ಒದ್ದೆಯಾದ ಕಿರ್ದಿ ಪುಸ್ತಕಗಳು. ಅವುಗಳ ಹಾಳೆಗಳನ್ನು ಒಬ್ಬ ಅಜ್ಜ ಬಿಸಿಲಿಗೆ ಒಂದೊಂದೇ ಬಿಡಿಸಿ ಇಡುತ್ತಿದ್ದರು. ಫೋಟೋ ತೆಗೆಯಲೇ ಎಂದು ಕೇಳಿದೆ. “ತಗೀರಿ. ಅಕ್ಷರ ಹೋಗೂದ್ರಾಗ ತಗೀರಿ” ಎಂದರು. ಹಾಳೆ ಹಾಳೆಯಾಗಿ ತೆಗೆದು ಕಳಿಸಿದೆ. ನನ್ನ ಚಿತ್ರಗಳಿಂದ ಯಾರಿಗಾದರೂ ಕಣ್ಣಿಗೆ ಕಾಣುವ ಉಪಯೋಗವಾದದ್ದು ಅಲ್ಲಿ.

ಮಳಿಗೆಯ ಚಿತ್ರಗಳನ್ನು ಈಗ ಫೋನಿನಲ್ಲಷ್ಟೇ ಬಿಟ್ಟಿಲ್ಲ. ಬೆಳಗಾವಿಯಲ್ಲಿ ಕಾಗದಕ್ಕೆ ಹಾಕಿಸಿ, ಯಾರ ಗೋಡೆ ಅವರಿಗೆ ಮುಟ್ಟಿಸಿದ್ದೇನೆ. ಬಳೆಗಾರರ ಅಕ್ಕ ಗುಲಾಬಿ ಗೋಡೆಯ ಚಿತ್ರಕ್ಕೆ ಕಟ್ಟು ಹಾಕಿಸಿದ್ದಾರೆ. ಔಷಧಿ ಅಂಗಡಿಯವರು ನೋಡಿ ಸುಮ್ಮನೆ ಡ್ರಾವರಿನಲ್ಲಿಟ್ಟರು, ಅವರಿಗೆ ಹೊಸ ಅಂಗಡಿ ಚೆನ್ನಾಗಿ ನಡೆದಿದೆ, ಒಳ್ಳೆಯದಾಗಲಿ. ಟೇಲರ್ ಕಾಕಾ ಈಗ ಮನೆಯ ಪಡಸಾಲೆಯಲ್ಲಿ ಮಷಿನ್ ಹಾಕಿಕೊಂಡಿದ್ದಾರೆ. ಚಿತ್ರ ಕೈಗೆ ಕೊಟ್ಟಾಗ ಬಹಳ ಹೊತ್ತು ನೋಡಿ, “ಗೋಡಿ ಬಂದೈತಿ, ನಾ ಎಲ್ಲಿ ಅದೇನಿ?” ಎಂದು ಕೇಳಿದರು. ನಾನು ಅವರನ್ನು ಮಷಿನ್ನಿನ ಮುಂದೆ ಕೂಡಿಸಿ, ಅದೇ ಕತ್ತರಿ ಕೈಗೆ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಒಂದು ತೆಗೆದೆ. ಕಾಕೂನೂ ಬಂದು ಹಿಂದೆ ನಿಂತರು.

ಅಂದಿನಿಂದ ನಾನು ಬೀಳುವ ಕಟ್ಟಡ ಹುಡುಕುವುದು ಬಿಟ್ಟು, ನಡೆಯುವ ಅಂಗಡಿಗಳ ಹಿಂದೆ ಬಿದ್ದಿದ್ದೇನೆ. ಬೈಲಹೊಂಗಲದ ಪೇಟೆಯಲ್ಲಿ ಇನ್ನೂ ಫರಸಿ ಕಲ್ಲಿನ ನೆಲ ಉಳಿಸಿಕೊಂಡ ಅಂಗಡಿಗಳಿವೆ. ಮುಂದೆ ಗಾದಿ, ಪಕ್ಕಕ್ಕೆ ತಕ್ಕಡಿ, ಮೇಲೆ ಹಿರಿಯರ ಫೋಟೋ. ಮೊನ್ನೆ ಒಂದು ಮಧ್ಯಾಹ್ನ ಅಂಥದೊಂದರ ಮುಂದೆ ನಿಂತು ಕ್ಯಾಮೆರಾ ಎತ್ತಿದ್ದೆ. ಒಳಗೆ ಸಾಹುಕಾರರು ಊಟ ಮುಗಿಸಿ ಅರ್ಧ ಮಲಗಿದ್ದರು. ಕಣ್ಣು ಬಿಟ್ಟು ನನ್ನನ್ನು ನೋಡಿ ಎದ್ದು ಕೂತರು, ಟೋಪಿ ಹಾಕಿಕೊಂಡರು, ಆಮೇಲೆ ಕೈ ಅಡ್ಡ ಮಾಡಿದರು.

“ಈಗ ಬ್ಯಾಡ್ರಿ. ಈಗ ಏನೈತಿ ಇಲ್ಲೆ, ನಾನೂ ತಕ್ಕಡಿ ಇಬ್ಬರ. ಸಂತಿ ದಿನಾ ಬರ್ರಿ, ಗಿರಾಕಿ ಇರ್ತಾವ. ಮುಂಜಾನೆ ಶಟರ್ ತಗದಾಗ ಬರ್ರಿ, ಮಗಾನೂ ಇರ್ತಾನ. ಮತ್ತ, ಆ ಸೊಟ್ಟ ಬೋರ್ಡ ಬಡಿಸಿ ನೆಟ್ಟಗ ಮಾಡಿಸ್ತೀನಿ, ಅದೂ ಬರಬೇಕ ನೋಡ್ರಿ.”